ಮಥುರಾಬಾಯಿಯ ಅಳಿಯ

ಮಂಜುಷಾ ಮದುವೆಯಾದದ್ದು ನಲವತ್ತು ದಾಟಿದ ಮೇಲೆ, ಅದೂ ಈ ಲೋಕದವನಲ್ಲದ ಒಬ್ಬನನ್ನು. ಪ್ರೀತಿಗಾಗಿ ಅಲ್ಲ. ತಾಯಿಯನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರಾದರೂ ಬೇಕಿತ್ತು.

ಅವಳು ಕಲಬುರಗಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವವಳು. ಮನೆ ಕಮಲಾಪುರದಲ್ಲಿ. ಬೆಳಿಗ್ಗೆ ಬಸ್ಸು ಹತ್ತಿದರೆ ತಿರುಗಿ ಬರುವುದು ದೀಪ ಹಚ್ಚುವ ಹೊತ್ತಿಗೆ. ತಾಯಿ ಮಥುರಾಬಾಯಿಗೆ ಸಕ್ಕರೆ ಕಾಯಿಲೆಯಿಂದ ಎರಡೂ ಕಣ್ಣು ಹೋಗಿದ್ದವು. ಮಡಿ, ಪೂಜೆಯ ಕಟ್ಟುನಿಟ್ಟು ಮಾತ್ರ ಹೋಗಿರಲಿಲ್ಲ. ಕೆಲಸಕ್ಕೆ ಬಂದ ಹೆಂಗಸರು ಯಾರೂ ನಿಲ್ಲಲಿಲ್ಲ.

ಆಕಾಶದಿಂದ ಬಂದವರನ್ನು ಜನ ‘ಹೊರಗಿನವರು’ ಎಂದು ಕರೆಯುತ್ತಿದ್ದರು. ಅವರು ಬಂದು ಆಗಲೇ ಕೆಲವು ವರ್ಷಗಳಾಗಿದ್ದವು. ಇಲ್ಲಿಯವರನ್ನು ಮದುವೆಯಾದರೆ ಮಾತ್ರ ಊರೊಳಗೆ ಇರಬಹುದೆಂದು ಸರ್ಕಾರ ಕಾನೂನು ಮಾಡಿತ್ತು. ಮಂಜುಷಾಳ ಹತ್ತಿರ ಈ ಮಾತು ತೆಗೆದವಳು ಆಸ್ಪತ್ರೆಯ ನರ್ಸ್ ಸಿದ್ರಾ.

“ನಮ್ಮ ಗುಫ್ರಾನ್ ಭಾಯಿ ಹೊರಗಿನವರಾಗ ಒಬ್ಬಾಕಿನ್ನ ಲಗ್ನ ಮಾಡ್ಕೊಂಡಾನ್ರಿ ಮೇಡಂ. ಊಟ ಕೇಳಂಗಿಲ್ಲ, ಜಗಳ ಆಡಂಗಿಲ್ಲ. ಅವರಿಗೆ ಇರಾಕ ಜಾಗ ಬೇಕು, ನಿಮಗ ಮಂದಿ ಬೇಕು.”

ರಿಜಿಸ್ಟ್ರಾರ್ ಕಚೇರಿಯ ವರಾಂಡದಲ್ಲಿ ಮಂಜುಷಾ ಅವನನ್ನು ಮೊದಲ ಸಲ ನೋಡಿದಳು. ಮೂಗು, ಕಣ್ಣು, ಬಾಯಿ ಎಲ್ಲವೂ ಇದ್ದವು. ಆದರೆ ಅವಳು ಕಣ್ಣು ಆಚೆ ತಿರುಗಿಸಿದರೆ ಆ ಮುಖ ಹೇಗಿತ್ತೆಂದು ನೆನಪಾಗುತ್ತಿರಲಿಲ್ಲ.

“ಒಂದು ಮಾತು ಮೊದಲೇ ಹೇಳ್ತೀನ್ರಿ,” ಎಂದ ಅವನು. “ನಾವು ಯಾರ ಜೋಡಿ ಇರ್ತೀವಿ ಅವರನ್ನ ನೋಡಿ ಕಲೀತೀವಿ. ಬ್ಯಾಡ ಅಂದ್ರ ಈಗೇ ಹೇಳ್ರಿ.”

ಅಡುಗೆ, ಮನೆಗೆಲಸ ಕಲಿಯುತ್ತಾನೆ ಎಂದುಕೊಂಡು ಅವಳು ಸಹಿ ಹಾಕಿದಳು.

ಮಥುರಾಬಾಯಿ ಅಳಿಯನನ್ನು ಎದುರಿಗೆ ಕೂರಿಸಿಕೊಂಡು ಗೋತ್ರ ಕೇಳಿದರು.

“ನಮ್ಮ ಕಡೆ ಅದು ಇಲ್ರಿ.”

“ಹೆಸರು?”

ಅವನು ಹೇಳಿದ ಹೆಸರು ಸಣ್ಣ ಸಂದಿಯಲ್ಲಿ ಗಾಳಿ ನುಗ್ಗಿದಂತೆ ಕೇಳಿಸಿತು. ಮುದುಕಿ, “ವಾಯುದೇವರ ಹೆಸರಿಡ್ತೀನಿ ತಗೋ. ಪವಮಾನ,” ಎಂದರು.

ಪವಮಾನ ಕೆಲಸದಲ್ಲಿ ಚೊಕ್ಕ. ಮಡಿಬಟ್ಟೆ ಒಣಹಾಕುತ್ತಿದ್ದ, ಜೋಳದ ಭಕ್ರಿ ಬಡಿಯುತ್ತಿದ್ದ, ಅತ್ತೆಯ ಕೈಹಿಡಿದು ಅಂಗಳದಲ್ಲಿ ತಿರುಗಾಡಿಸುತ್ತಿದ್ದ. ಮಂಜುಷಾ ವರ್ಷಗಳ ನಂತರ ನಿಶ್ಚಿಂತೆಯಿಂದ ನಿದ್ದೆ ಮಾಡಿದಳು.

ಒಂದು ಸಂಜೆ ಬಸ್ಸಿಳಿದು ಬಾಗಿಲಿಗೆ ಬಂದಾಗ ಒಳಗೆ ಯಾರೋ ಕೆಮ್ಮಿದರು. ಅದು ಅವಳದೇ ಕೆಮ್ಮು. ಅವಳು ಹೊಸ್ತಿಲಲ್ಲೇ ನಿಂತಳು.

“ಇವತ್ತು ಲಗೂನ ಬಂದಿ ಅಲಾ ಮಂಜು,” ಎನ್ನುತ್ತ ತಾಯಿ ಪವಮಾನನ ಕೈ ಸವರುತ್ತಿದ್ದರು. ಮಂಜುಷಾ ಹೋಗಿ ಅವರ ಇನ್ನೊಂದು ಕೈ ಹಿಡಿದಳು. ಮುದುಕಿ ಬೆಚ್ಚಿ ಕೈ ಎಳೆದುಕೊಂಡರು.

“ಯಾರವಾ ನೀನು? ನಮ್ಮ ಮಂಜು ಇಲ್ಲೇ ಇದ್ದಾಳಲ್ಲ.”

ಮರುದಿನ ಅವಳು ಅವನನ್ನು ಆಸ್ಪತ್ರೆಗೆ ಕರೆದೊಯ್ದಳು. ಊಟದ ಹೊತ್ತಿಗೆ ಕೋಣೆ ಖಾಲಿಯಾದಾಗ ಅವನ ಎಡಗೈಯನ್ನು ಯಂತ್ರದ ಕೆಳಗಿಡಿಸಿದಳು. ಪರದೆಯ ಮೇಲೆ ಮೂಡಿದ ಎಲುಬುಗಳನ್ನು ಅವಳು ಮೊದಲೇ ನೋಡಿದ್ದಳು. ಕಾಲೇಜಿನ ದಿನಗಳಲ್ಲಿ ಕಲಬುರಗಿ ಕೋಟೆಯ ಹತ್ತಿರ ಸ್ಕೂಟಿಯಿಂದ ಬಿದ್ದು ಅವಳ ಮಣಿಕಟ್ಟು ಮುರಿದು, ಸ್ವಲ್ಪ ಸೊಟ್ಟಗೆ ಕೂಡಿಕೊಂಡಿತ್ತು. ಅದೇ ಸೊಟ್ಟು ಅಲ್ಲಿತ್ತು.

“ಕಡೀಗೆ ನನ್ನದು ಏನರ ಉಳೀತದೋ ಇಲ್ಲೋ?” ಎಂದು ಅವಳು ಕೇಳಿದಳು.

“ನಿಮ್ಮದೇನೂ ಕಡಿಮಿ ಆಗಂಗಿಲ್ರಿ. ನನ್ನದು ಹೋಗ್ತದ.” ಉತ್ತರ ಬಂದದ್ದು ಅವಳದೇ ದನಿಯಲ್ಲಿ. “ನಮ್ಮ ಕಡೆ ಆಕಾಶ ಯಾವ ಬಣ್ಣ ಇತ್ತು, ಮರತೀನಿ. ಹಳೇ ಹೆಸರೂ ಹೋಗ್ಯದ. ಈಗ ಪವಮಾನ ಅನ್ನೋದೊಂದೇ ಅದ.”

“ಮೊದಲ ಯಾಕ ಹೇಳಲಿಲ್ಲ?”

“ಮಗಳು ದಿನಾ ಮನ್ಯಾಗ ಇದ್ದಾಳಂತ ನಿಮ್ಮ ಆಯಿ ಖುಷಿ ಇದ್ರು.”

ಅಂದು ಬಸ್ಸಿನಲ್ಲಿ ಅವಳು ಅವನ ಪಕ್ಕ ಕೂರಲಿಲ್ಲ. ಎಷ್ಟೋ ದಿನ ಅವನತ್ತ ನೇರವಾಗಿ ನೋಡಲೂ ಆಗಲಿಲ್ಲ. ಅವನ ಮುಖವೂ ಅವಳದೇ ಆಗಿ, ಕನ್ನಡಿಯಲ್ಲಿದ್ದವಳು ಇಳಿದು ಬಂದು ಕಸ ಗುಡಿಸಿದಂತೆ ಕಾಣುತ್ತಿತ್ತು. ಆದರೂ ಅವನನ್ನು ಹೊರಗೆ ಹಾಕಲಿಲ್ಲ. ತನಗೋಸ್ಕರ ತನ್ನತನವನ್ನೇ ಕಳೆದುಕೊಂಡವನನ್ನು ಎಲ್ಲಿಗೆಂದು ಕಳಿಸುವುದು? ಬರಬರುತ್ತ ಅಡುಗೆಮನೆಯಲ್ಲಿ ಕೂತು, ಯಾರಿಗೂ ಹೇಳದ ಮಾತುಗಳನ್ನು ಅವನಿಗೆ ಹೇಳತೊಡಗಿದಳು. ಹೇಳುವ ಮೊದಲೇ ಅವನಿಗೆ ಗೊತ್ತಿರುತ್ತಿತ್ತು. ಆದರೂ ಪೂರ್ತಿ ಕೇಳುತ್ತಿದ್ದ.

ಮಥುರಾಬಾಯಿ ತೀರಿಕೊಂಡದ್ದು ಒಂದು ಭಾನುವಾರ ಮಧ್ಯಾಹ್ನ. ಇಬ್ಬರ ಕೈಗಳನ್ನೂ ಎದೆಯ ಮೇಲೆ ಇಟ್ಟುಕೊಂಡು ತಡವಿ ನೋಡಿ, “ಇಬ್ಬರು ಮಂಜು ಇದ್ದೀರಿ. ಒಬ್ಬಾಕಿನ ಬಿಟ್ಟು ಒಬ್ಬಾಕಿ ಇರಬ್ಯಾಡ್ರಿ,” ಎಂದರು. ಅವರಿಗೆ ಯಾವಾಗಿನಿಂದ ಗೊತ್ತಿತ್ತೆಂದು ಕೇಳಲು ಆಮೇಲೆ ಹೊತ್ತು ಉಳಿಯಲಿಲ್ಲ.

ಕರ್ಮಾಂತರ ಮುಗಿದ ಮೇಲೆ ಮಂಜುಷಾ ಅವನಿಗೆ, “ಇನ್ನ ನೀವು ಹೋಗಬಹುದ್ರಿ. ನಾ ತಡಿಯಂಗಿಲ್ಲ,” ಎಂದಳು.

“ಎಲ್ಲಿಗಂತ ನೆನಪಿಲ್ರಿ,” ಎಂದ ಅವನು.

ಅವಳು ಕಮಲಾಪುರದ ಮನೆಗೆ ಬೀಗ ಹಾಕಿ, ಕಲಬುರಗಿಗೆ ಹತ್ತಿರದ ಶರಣಸಿರಸಗಿಯ ಹೊಸ ಬಡಾವಣೆಯಲ್ಲಿ ಬಾಡಿಗೆ ಮನೆ ಹಿಡಿದಳು. ಮನೆ ತೋರಿಸಿದ ಮಾಣಿಕಪ್ಪ ಇಬ್ಬರನ್ನೂ ಸರದಿಯಂತೆ ನೋಡಿ, “ಅವಳಿಜವಳಿ ಏನ್ರಿ? ಯಜಮಾನ್ರು ಯಾವಾಗ ಬರ್ತಾರ?” ಎಂದು ಕೇಳಿದ. “ಬಂದಾರಲ್ರಿ,” ಎಂದು ಅವಳು ಪಕ್ಕಕ್ಕೆ ಕೈ ತೋರಿಸಿದಳು. ಮಾಣಿಕಪ್ಪ ಕೀಲಿಕೈ ಕೊಟ್ಟು ಹೋದ.

ಬಡಾವಣೆಗೆ ಇನ್ನೂ ಗೋಡೆ ಕಟ್ಟಿರಲಿಲ್ಲ. ಬಯಲಿನ ನಡುವೆ ದೊಡ್ಡದೊಂದು ಕಮಾನು ಮಾತ್ರ ನಿಂತಿತ್ತು. ಒಂದು ಸಂಜೆ ಇಬ್ಬರೂ ಕಟ್ಟೆಯ ಮೇಲೆ ಕೂತಿದ್ದಾಗ ಎಮ್ಮೆಯೊಂದು ಸುತ್ತಲಿನ ಬಯಲನ್ನೆಲ್ಲ ಬಿಟ್ಟು, ನೆಂಟರ ಹಾಗೆ ಸಾವಕಾಶವಾಗಿ ಆ ಕಮಾನಿನೊಳಗಿಂದಲೇ ಬಂತು.

ಪವಮಾನ ನಕ್ಕ.

ಮಂಜುಷಾಳಿಗೆ ನಗು ಬಂದಿರಲಿಲ್ಲ. ಆ ನಗು ಅವಳದಾಗಿರಲಿಲ್ಲ, ಅವಳ ತಾಯಿಯದೂ ಅಲ್ಲ. ಅವಳು ಕೇಳಿದ ಯಾವ ಮನುಷ್ಯನದೂ ಅಲ್ಲ. ತಗ್ಗಿನಲ್ಲಿ ಹರಳು ಉರುಳಿದಂತಹ ಸದ್ದು. ಅವನೇ ಗಾಬರಿಯಾಗಿ ಬಾಯಿಗೆ ಕೈ ಅಡ್ಡ ಹಿಡಿದ.

ಅವಳು ಆ ಕೈಯನ್ನು ಮೆಲ್ಲಗೆ ಸರಿಸಿದಳು.

“ಇನ್ನೊಮ್ಮೆ ನಗು,” ಎಂದಳು.