ತಾನಾಗಿ ಮುಚ್ಚಿದ ಚಾಕು

ಚಾಕುವಿನ ಹಿಡಿಯೊಳಗೆ ಏನೋ ಉರುಳಿದ ಸದ್ದು. ಹೋದ ತಿಂಗಳು ಸಕಲೇಶಪುರದಲ್ಲಿ, ಹಳೆಯ ಚಾಕುಗಳನ್ನು ಕೂಡಿಡುವ ಪರಿಚಯದವರೊಬ್ಬರ ಮನೆಯಲ್ಲಿ ಆ ಸದ್ದು ಕೇಳಿ, ಕೈಯಲ್ಲಿದ್ದ ಚಾಕುವನ್ನು ಮತ್ತೊಮ್ಮೆ ವಾಲಿಸಿ ನೋಡಿದೆ. "ಒಳಗೊಂದು ಉಕ್ಕಿನ ಗುಂಡೈತೆ ಕಣ್ರೀ. ಅಲಗು ಬಿಚ್ಚಿದ್ರೆ ಅಡ್ಡ ಬಂದು ಕೂತ್ಕತ್ತದೆ. ತುದಿ ಮೇಲಕ್ಕೆ ಮಾಡಿ, ನಿಧಾನಕ್ಕೆ ಎಡಕ್ಕೆ ವಾಲ್ಸಿದ್ರೇನೇ ಮಡಚೋದು. ಮನುಷ್ಯರ ಕೈ ಇಲ್ದೆ ಮುಚ್ಚಲ್ಲ," ಎಂದರು ಅವರು. ನಾನು ಅದನ್ನು ಕೆಳಗಿಟ್ಟೆ.

ನಾನು ಚಿಕ್ಕವಳಿದ್ದಾಗ ಹಾನುಬಾಳಿನ ನಮ್ಮ ಮನೆಯಲ್ಲಿ ಅಂಥದೇ ಒಂದು ಚಾಕು ಇತ್ತು. ಅದು ಚಿಕ್ಕಪ್ಪನದು. ಮೆಣಸಿನ ಬಳ್ಳಿ ಕತ್ತರಿಸುವುದಕ್ಕೂ ನಮಗೆ ಕಿತ್ತಳೆ ಸುಲಿದು ಕೊಡುವುದಕ್ಕೂ ಅದೇ. ಮುಚ್ಚುವಾಗ ಮಾತ್ರ ನಮಗೆ ಬೆನ್ನು ತಿರುಗಿಸುತ್ತಿದ್ದ. ಗುಟ್ಟೇನೆಂದು ಪೀಡಿಸಿದರೆ, "ಅದಕ್ಕೆ ನಿದ್ದೆ ಬಂತು, ಮಲಗ್ತು ಕಣೇ," ಎಂದು ನಗುತ್ತಿದ್ದ.

ಒಂದು ಬೆಳಿಗ್ಗೆ, ತಪ್ಪಿಸಿಕೊಂಡ ಹಸುವನ್ನು ಹುಡುಕಿಕೊಂಡು ಅವನು ಹೆಗ್ಗದ್ದೆಯ ಕಾಡಿನ ಕಡೆ ಹೋದ. ಸಂಜೆಗೆ ಹಸು ಬಂತು, ಅವನು ಬರಲಿಲ್ಲ. ಹುಡುಕಲು ಹೋದವರಿಗೆ ಹಳ್ಳದ ಬಂಡೆಯ ಮೇಲೆ ಸಿಕ್ಕಿದ್ದು ಅರ್ಧ ಸುಲಿದ ಕಿತ್ತಳೆ, ಪಕ್ಕದಲ್ಲಿ ಬಿಚ್ಚಿದ ಚಾಕು. ರಕ್ತವಿಲ್ಲ, ಆನೆಯ ಹೆಜ್ಜೆಯಿಲ್ಲ. ಹಳ್ಳದಲ್ಲಿ ಮೊಣಕಾಲುದ್ದವೂ ನೀರಿರಲಿಲ್ಲ. ಅಪ್ಪ, ನೆಂಟರು, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್, ಎಲ್ಲರೂ ಆ ಚಾಕುವನ್ನು ಮುಚ್ಚಲು ನೋಡಿ ಸೋತರು. ಅಜ್ಜಿ ಅದನ್ನು ಕಸಿದುಕೊಂಡು ದೇವರ ಕೋಣೆಯ ಗೂಡಿನಲ್ಲಿಟ್ಟಳು. "ಬುಡ್ರೋ. ಅವ್ನೇ ಬಂದು ಮುಚ್ಲಿ." ಅಂದಿನಿಂದ ಚಿಕ್ಕಮ್ಮ ಕಣ್ಣೀರು ಹಾಕುವಂತಿರಲಿಲ್ಲ. ಬದುಕಿರುವವನಿಗಾಗಿ ಅಳುವುದು ಅಪಶಕುನ ಎಂದು ಅಜ್ಜಿ ಗದರುತ್ತಿದ್ದಳು. ಚಿಕ್ಕಮ್ಮ ದಿನವೂ ಹೂ ಮುಡಿದು, ತುಟಿ ಬಿಗಿಹಿಡಿದು, ಯಾವ ಕಡೆಗೂ ಸೇರದವಳಂತೆ ಓಡಾಡಿಕೊಂಡಿದ್ದಳು.

ಮುಂದಿನ ಕಾಫಿ ಕುಯ್ಲಿನ ಒಂದು ಮಧ್ಯಾಹ್ನ ಎಲ್ಲರೂ ತೋಟಕ್ಕೆ ಹೋಗಿದ್ದರು. ಜ್ವರ ಬಂದ ನಾನು ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿದ್ದೆ; ಅಜ್ಜಿ ಪಕ್ಕದಲ್ಲಿ ಅಕ್ಕಿ ಆರಿಸುತ್ತಿದ್ದಳು. ಯಾರನ್ನು ಕಂಡರೂ ಬೊಗಳುವ ನಮ್ಮ ಕರಿಯ ನಾಯಿ, ಯಾರೂ ಇಲ್ಲದ ಜಗಲಿಯನ್ನೇ ನೋಡುತ್ತ ಬಾಲ ಅಲ್ಲಾಡಿಸತೊಡಗಿತು. ಅದರ ಕಣ್ಣು ನಿಧಾನವಾಗಿ ಬಾಗಿಲಿಗೆ ಬಂತು, ನಡುಮನೆ ದಾಟಿತು, ದೇವರ ಕೋಣೆಯ ಕಡೆ ನಿಂತಿತು. ಒಳಗೆ ಏನೋ ಉರುಳಿತು. ಆಮೇಲೆ, ಟಕ್.

ಅಜ್ಜಿ ಎದ್ದು ಹೋದಳು. ನಾನೂ ಗೋಡೆ ಹಿಡಿದು ಹಿಂದೆಯೇ ಹೋದೆ. ಗೂಡಿನಲ್ಲಿ ಚಾಕು ಮಡಚಿಕೊಂಡು ಮಲಗಿತ್ತು. ಅಜ್ಜಿ ಅದನ್ನು ಮುಟ್ಟಲಿಲ್ಲ. ಖಾಲಿ ಕೋಣೆಯನ್ನು ನೋಡುತ್ತ, ದಿನವೂ ತೋಟದಿಂದ ಬಂದ ಚಿಕ್ಕಪ್ಪನನ್ನು ಕೇಳುತ್ತಿದ್ದ ದನಿಯಲ್ಲೇ, "ದಣಿದ್ಯೇನೋ, ಮಗ?" ಎಂದಳು.

ಸಂಜೆ ಅಪ್ಪನನ್ನು ಕರೆದು, "ಅವನ್ ಕಾರ್ಯ ಮಾಡ್ಬುಡು," ಎಂದಳು. ಮರುದಿನ ತೋಟದಂಚಿನಲ್ಲಿ, ತಾತನ ಸಮಾಧಿಯ ಪಕ್ಕ ಗುಂಡಿ ತೋಡಿ, ದೇಹದ ಬದಲು ಚಾಕುವನ್ನೇ ವಿಭೂತಿ, ಬಿಲ್ವಪತ್ರೆಗಳ ನಡುವೆ ಇಟ್ಟು ಮಣ್ಣು ಮುಚ್ಚಿದರು. ಆಗ ಚಿಕ್ಕಮ್ಮ ಅತ್ತಳು. ಅಷ್ಟು ದಿನ ಹಿಡಿದಿಟ್ಟಿದ್ದ ಅಳು ಕೆಳಗಿನ ಗದ್ದೆಬಯಲಿನವರೆಗೂ ಹೋಯಿತು. ಅಜ್ಜಿ ಅವಳ ತಲೆಯನ್ನು ಮಡಿಲಿಗೆಳೆದುಕೊಂಡು, "ಅಳವ್ವ, ಅಳು," ಎನ್ನುತ್ತ ಕೂತಿದ್ದಳು.

ಇಬ್ಬರೂ ಈಗಿಲ್ಲ. ಅಪ್ಪನೂ ಇಲ್ಲ. ಆ ಮನೆ ಈಗ ಹೋಂಸ್ಟೇ ಆಗಿದೆಯಂತೆ. ಆ ಅಳು ಕೇಳಿದ ಮನೆಯವರಲ್ಲಿ ಉಳಿದಿರುವುದು ನಾನೊಬ್ಬಳೇ.