ವಲ್ಲಿಯ ಕೆಳಗೆ ಹಿಡಿದ ಕೈ

ಈ ಬೆಳಿಗ್ಗೆ ಮನೆಯೆದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದಾಗ ರೇಡಿಯೊ ದೆಹಲಿಯ ಸುದ್ದಿ ಹೇಳಿತು. ನಲವತ್ತು ವರ್ಷದ ಹಿಂದಿನ ನನ್ನ ಪರಿಚಯದವರೊಬ್ಬರು ರಾಷ್ಟ್ರಪತಿಯಾಗಿ ಪ್ರಮಾಣವಚನ ತೆಗೆದುಕೊಂಡರಂತೆ. ಸುತ್ತ ಕೂತವರು ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ನೆನಪಾದದ್ದು ಆದೋನಿಯ ಹತ್ತಿ ಪೇಟೆಯಲ್ಲಿ ಮೈತುಂಬ ಅರಳೆಯ ಎಳೆ ಅಂಟಿಸಿಕೊಂಡು, ಒಂದರ ಮೇಲೊಂದು ಸೀನುತ್ತ ನಿಂತಿದ್ದ ಖಾದಿಯ ತರುಣ. ಹೆಸರು ಹೇಳುವುದಿಲ್ಲ. ಅಷ್ಟು ದೊಡ್ಡ ಮನೆ ಸೇರಿದವರ ಹೆಸರನ್ನು ನನ್ನಂಥ ದಲಾಲ ಬಳಸಿಕೊಂಡರೆ ನೀವು ಅದಕ್ಕೂ ಕಮಿಷನ್ ಲೆಕ್ಕ ಹಾಕುತ್ತೀರಿ.

ನಾನು ಹಾಲಹರವಿ ಕಡೆಯವನು. ಆದೋನಿಗೆ ಬಂದಾಗ ನನ್ನ ಬಂಡವಾಳವೆಲ್ಲ ಎರಡು ಭಾಷೆ: ರೈತನೊಡನೆ ಕನ್ನಡ, ಕಚೇರಿಯಲ್ಲಿ ತೆಲುಗು. ಅಷ್ಟರಲ್ಲೇ ಬದುಕು ಕಟ್ಟಿಕೊಂಡೆ. ನಿಮಗೂ ಒಂದು ಮಾತು ಹೇಳಿಡುತ್ತೇನೆ: ಏನನ್ನಾದರೂ ಕೊಳ್ಳಲು ಹೋದಾಗ ಮೊದಲು ಆ ಸರಕನ್ನು ಬಿಟ್ಟು ಬೇರೆಲ್ಲದರ ಸುದ್ದಿ ತೆಗೆಯಿರಿ. ಮಾರುವವನೇ ಬೇಸತ್ತು ಅದರ ಮಾತು ತೆಗೆದನೋ, ಅರ್ಧ ದರ ಇಳಿದಂತೆ.

ಹತ್ತಿ ಪೇಟೆ ಕಾಣದವರಿಗೆ ಇನ್ನೊಂದು ಸಂಗತಿ ಹೇಳಬೇಕು. ಅಲ್ಲಿ ದರವನ್ನು ಬಾಯಿಂದ ಹೇಳುವ ಪದ್ಧತಿ ಇರಲಿಲ್ಲ. ಹೆಗಲ ಮೇಲಿನ ವಸ್ತ್ರವನ್ನು, ಅಂದರೆ ವಲ್ಲಿಯನ್ನು, ಕೈಮೇಲೆ ಇಳಿಬಿಟ್ಟು, ಅದರ ಕೆಳಗೆ ಇಬ್ಬರೂ ಕೈ ಸೇರಿಸುತ್ತಿದ್ದರು. ಎರಡು ಬೆರಳು ಹಿಡಿದರೆ ಎರಡು, ಮೂರು ಹಿಡಿದರೆ ಮೂರು, ಇಡೀ ಕೈ ಹಿಡಿದರೆ ಐದು. ಬಾಯಿ ಮಾತ್ರ ಮಂತ್ರಾಲಯದ ಹೊಳೆಗೆ ಎಷ್ಟು ನೀರು ಬಂತು, ಯಾರ ಎತ್ತು ಕುಂಟುತ್ತಿದೆ ಎಂದು ಆಡುತ್ತಿರಬೇಕು. ವಲ್ಲಿಯ ಕೆಳಗಿನ ಅಂಕಿಯನ್ನು ಬಯಲಲ್ಲಿ ಬಾಯಿಬಿಟ್ಟವನಿಗೆ ಆಮೇಲೆ ಆ ಪೇಟೆಯಲ್ಲಿ ಯಾರೂ ಕೈ ಚಾಚುತ್ತಿರಲಿಲ್ಲ.

ಮದ್ರಾಸ್ ಅಸೆಂಬ್ಲಿಗೆ ಚುನಾವಣೆ ಬಂದಿತ್ತು. ಪ್ರಚಾರಕ್ಕೆಂದು ಪಕ್ಷ ಕಳಿಸಿದ್ದ ಆ ತರುಣ ಹೊರಗಿನವನು, ಅಪ್ಪಟ ತೆಲುಗಿನವನು. ಆದೋನಿಯನ್ನು ಗೆಲ್ಲಿಸಿ ಕೈಯಲ್ಲಿಟ್ಟುಕೊಂಡರೆ ಮುಂದಿನ ಸಲ ಇಲ್ಲಿಯ ಸೀಟು ನಿನಗೇ ಎಂದು ಹಿರಿಯರು ಅವನಿಗೆ ಮಾತು ಕೊಟ್ಟಿದ್ದರು. ಆದೋನಿ ಕೈಯಲ್ಲಿರಬೇಕಾದರೆ ಪೇಟೆ ಕೈಯಲ್ಲಿರಬೇಕು, ಪೇಟೆ ಎಂದರೆ ಬಸಣ್ಣ ಸಾವ್ಕಾರರು. ಅವರ ಅಂಗಡಿಗೆ ಅವನನ್ನು ಕರೆದೊಯ್ದವನು ನಾನೇ.

ಸಾವ್ಕಾರರು ಅವನ ದೇಶದ ಮಾತೆಲ್ಲ ಕೇಳಿ, ಎಲೆಯಡಿಕೆ ಮುಂದಿಟ್ಟು, "ಮುಂದ ಮುನಿಸಿಪಾಲ್ಟಿ ಎಲೆಕ್ಷನ್ನೂ ಬರತೈತಿ. ನಮ್ಮ ಮಂದೀಗೂ ಒಂದಿಷ್ಟು ಜಾಗ ಬೇಕಲ್ರಿ?" ಎನ್ನುತ್ತ ವಲ್ಲಿ ಇಳಿಬಿಟ್ಟು ಕೈ ಚಾಚಿದರು. ತರುಣ ಕೈ ಕೊಟ್ಟೊಡನೆ ಕೆಳಗೆ ಅವನ ಎರಡು ಬೆರಳು ಒತ್ತಿದರು, ಎರಡು ಸೀಟು ಎಂದು. ತರುಣ ಎದ್ದು ನಿಂತು, ವಲ್ಲಿಯ ಸಮೇತ ಅವರ ಇಡೀ ಕೈಯನ್ನು ತನ್ನೆರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡ. "ಮೀ ಆಶೀರ್ವಾದಂ ಚಾಲು ಅಯ್ಯಾ", ನಿಮ್ಮ ಆಶೀರ್ವಾದ ಸಾಕು, ಎಂದು ತಲೆ ಬಾಗಿಸಿ ಹೊರಟೇಬಿಟ್ಟ.

ಸಾವ್ಕಾರರು ಬಹಳ ಹೊತ್ತು ತಮ್ಮ ಕೈಯನ್ನೇ ನೋಡಿಕೊಂಡರು.

"ಎರಡು ಕೇಳಿದ್ರ ಐದು ಕೊಟ್ಟು ಹೋದನಲ್ಲೋ! ಇವನೇನು ಹುಚ್ಚ ಅದಾನೋ, ನಮ್ಮನ್ನ ಮಾರಾಕ ಬಂದಾನೋ?"

"ಆತಗ ಪೇಟಿ ಕೈ ಗೊತ್ತಿಲ್ಲರೀ ಸಾವ್ಕಾರ್ರ. ನಮಸ್ಕಾರ ಮಾಡಿದಂಗ ಹಿಡಿದಾನ."

"ಗೊತ್ತಿಲ್ಲದಾಂವ ವಲ್ಲಿ ಕೆಳಗ ಕೈ ಯಾಕ ಹಾಕ್ತಾನ? ನೀ ಸುಮ್ಕಿರು."

ಕೇಳಿದ್ದಕ್ಕಿಂತ ಹೆಚ್ಚು ಕೊಟ್ಟ ಮನುಷ್ಯನನ್ನು ಅವರು ಆವರೆಗೆ ಕಂಡಿರಲಿಲ್ಲ. ಮೊದಲು ಅನುಮಾನಪಟ್ಟರು, ಆಮೇಲೆ ಹುರುಪುಗೊಂಡರು. ಹತ್ತಿ ಹೇರುವ ಬಂಡಿಗಳಲ್ಲೆಲ್ಲ ಜನರನ್ನು ಹೇರಿಸಿದರು. ನಾಗಲದಿನ್ನೆಯ ಹೊಳೆದಂಡೆಯವರೆಗೂ ಅವರ ಆಳುಗಳು ಹೋಗಿ "ಹಳದಿ ಪೆಟಗಿ, ಹಳದಿ ಪೆಟಗಿ" ಎಂದು ಕೂಗಿ ಬಂದರು. ಆಗ ಓಟಿನ ಪೆಟ್ಟಿಗೆಗಳಿಗೆ ಪಕ್ಷಕ್ಕೊಂದು ಬಣ್ಣ, ತರುಣನ ಪಕ್ಷದ್ದು ಹಳದಿ. ಹಳದಿ ಗೆದ್ದಿತು.

ಗೆದ್ದಮೇಲೆ ಸಾವ್ಕಾರರು ಮುನಿಸಿಪಾಲಿಟಿಗೆ ಐದು ಜನರನ್ನು ಆರಿಸಿಟ್ಟರು: ತಮ್ಮ, ಅಳಿಯ, ಬೀಗರು, ಮತ್ತಿಬ್ಬರು. ಸುದ್ದಿ ಕೇಳಿದ ತರುಣ ಗಾಬರಿಯಾಗಿ ನನ್ನ ಮನೆಗೆ ಬಂದ. ನಾನು ನನ್ನ ವಲ್ಲಿಯ ಕೆಳಗೆ ಅವನ ಕೈ ಹಿಡಿದು, ಅವರು ಏನು ಕೇಳಿದರು, ಅವನು ಏನು ಕೊಟ್ಟ ಎಂದು ತೋರಿಸಿದೆ. ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ತನ್ನ ಐದು ಬೆರಳನ್ನೂ ಒಂದೊಂದಾಗಿ ಎಣಿಸಿದ.

"ನನ್ನ ಮಾತು ಕೇಳ್ರಿ," ಎಂದೆ. ಸಲಹೆ ಕೊಡುವುದೆಂದರೆ ನನಗೆ ಊಟಕ್ಕಿಂತ ಮೊದಲು. "ಇನ್ನೊಮ್ಮೆ ಹೋಗಿ ವಲ್ಲಿ ಕೆಳಗ ಎರಡು ಬೆರಳು ಹಿಡೀರಿ. ಐದರಿಂದ ಎರಡಕ್ಕ ಇಳಿದ್ರ ಅವರು ಬೈತಾರ, ಆದ್ರ ಕೈ ಬಿಡಂಗಿಲ್ಲ. ನಿಮ್ಮ ಸೀಟು ಉಳೀತೈತಿ. ಬಾಯಿ ಮಾತ್ರ ಬಿಡಬ್ಯಾಡ್ರಿ."

ಅವನು ನನ್ನ ಚಹಾ ಕುಡಿದು ಹೋದ. ಮರುದಿನ ಪೇಟೆ ತುಂಬಿದ ಹೊತ್ತಿನಲ್ಲಿ, ಬಂಡಿಗಳ ನಡುವೆ ನಿಂತು, ಎಲ್ಲರಿಗೂ ಕೇಳುವಂತೆ, ತೆಲುಗಿನಲ್ಲಿ ಶುರುಮಾಡಿ ಬಂದಷ್ಟು ಕನ್ನಡದಲ್ಲಿ ಸಾವ್ಕಾರರಿಗೆ ಹೇಳಿದ. "ಪೆದ್ದವಾಳ್ಳ ಚೇಯಿ ಅನಿ ಪಟ್ಟುಕುನ್ನಾನು, ಅಂತೇ. ಹಿರಿಯರ ಕೈಯೆಂದು ಹಿಡಿದೆ. ನೀವು ಎರಡು ಕೇಳಿದ್ದು ನನಗೆ ತಿಳಿಯಲಿಲ್ಲ, ಐದು ಕೊಟ್ಟದ್ದೂ ತಿಳಿಯಲಿಲ್ಲ. ಎರಡಾಗಲಿ ಐದಾಗಲಿ, ಕೊಡಲಿಕ್ಕೆ ಅವು ನನ್ನವಲ್ಲ. ಓಟು ಹಾಕುವವರವು."

ತೂಕದವನು ಕೂಗುವುದನ್ನು ನಿಲ್ಲಿಸಿದ. ಅಂಕಿ ಬಯಲಿಗೆ ಬಿದ್ದಿತ್ತು. ಸಾವ್ಕಾರರು ವಲ್ಲಿಯನ್ನು ಝಾಡಿಸಿ ಹೆಗಲಿಗೆ ಹಾಕಿಕೊಂಡು, "ನಿನ್ನ ಕೂಡ ನಮ್ಮ ಯಾಪಾರ ಮುಗೀತು, ತಮ್ಮಾ" ಎಂದರು. ಜಗಳವಿಲ್ಲ, ಕೂಗಾಟವಿಲ್ಲ. ಅಂದಿನಿಂದ ಅವನು ನಮಸ್ಕಾರ ಮಾಡಿದರೆ ಪೇಟೆಯವರು ದೂರದಿಂದಲೇ ಕೈ ಜೋಡಿಸುತ್ತಿದ್ದರು. ಮುಂದಿನ ಸಲ ಆದೋನಿಯ ಸೀಟನ್ನು ಪಕ್ಷ ಇನ್ನೊಬ್ಬರಿಗೆ ಕೊಟ್ಟಿತು. ಇವನು ಜೈಲಿಗೆ ಹೋದ, ಬಂದ, ಬೇರೆ ಕಡೆಯಿಂದ ನಿಂತು ಗೆದ್ದ.

ಸ್ವಾತಂತ್ರ್ಯ ಬಂದ ಹೊಸತರಲ್ಲಿ ಆತ ಮದ್ರಾಸಿನಲ್ಲಿ ದೊಡ್ಡ ಜಾಗದಲ್ಲಿದ್ದರು. ಹತ್ತಿ ಸಾಗಿಸಲು ರೈಲು ಡಬ್ಬಿ ಸಿಗುತ್ತಿಲ್ಲವೆಂದು ಪೇಟೆಯವರು ನನ್ನನ್ನು ಅವರ ಬಳಿ ಅಟ್ಟಿದರು. ಗುರುತು ಹಿಡಿದು, "ಆದೋನಿ ದಲಾಲ್‌ಗಾರು!" ಎಂದು ನಕ್ಕರು. ನಮ್ಮ ಕಷ್ಟವನ್ನೆಲ್ಲ ಕೇಳಿದರು. ಆಮೇಲೆ ನನ್ನ ಕೈಯನ್ನು ತಮ್ಮೆರಡೂ ಕೈಯೊಳಗೆ ತೆಗೆದುಕೊಂಡು, ಎಷ್ಟೋ ಹೊತ್ತು ಬಿಡದೆ, "ಚೂದ್ದಾಂ" ಎಂದರು. ನೋಡೋಣ. ನನ್ನ ಬೆರಳುಗಳು ತಮ್ಮಷ್ಟಕ್ಕೆ ಅಂಕಿ ಹುಡುಕಿದವು. ಒಂದು ಕಡೆಯೂ ಒತ್ತಿರಲಿಲ್ಲ, ಒಂದು ಕಡೆಯೂ ಸಡಿಲವಿರಲಿಲ್ಲ.

ಊರಿಗೆ ಬಂದೊಡನೆ ಸಾವ್ಕಾರರು ಕೇಳಿದರು: "ಎಷ್ಟು ಹಿಡಿದ?"

"ಎಷ್ಟೂ ಹಿಡೀಲಿಲ್ರಿ. ಕೈ ಅಷ್ಟ ಹಿಡಿದ್ರು."

ಅವರು ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದರು. "ಕಲ್ತಾನ ಬಿಡು" ಎಂದರು.

ಅಂದು ಅದನ್ನು ಹೊಗಳಿಕೆಯೆಂದೇ ತಿಳಿದು ನಾನೂ ನಕ್ಕಿದ್ದೆ. ಆತನ ವಿಷಯ ಯಾರು ಕೇಳಿದರೂ, "ಮೊದಲು ಯಾಪಾರ ಬರತಿದ್ದಿಲ್ಲ, ಆಮ್ಯಾಲೆ ಕಲ್ತರು" ಎಂದು ಇಷ್ಟು ವರ್ಷ ಹೇಳಿಕೊಂಡು ಬಂದೆ. ಇವತ್ತು ಹೋಟೆಲಿನವನು ಖಾಲಿ ಲೋಟ ಎತ್ತುತ್ತ, "ಅಜ್ಜಾರ, ನಿಮಗ ಗುರ್ತಿನವರಂತಲ್ಲ, ಹೆಂಗ ಮನಷ್ಯಾ ಆತ?" ಎಂದಾಗ ಆ ಮಾತು ನಾಲಿಗೆಗೆ ಬಂದು ನಿಂತುಬಿಟ್ಟಿತು.

"ಒಮ್ಮೆ ನಮ್ಮ ಪೇಟ್ಯಾಗ ನಿಂತು ಇದ್ದದ್ದು ಇದ್ದಂಗ ಹೇಳಿದ್ರು" ಎಂದೆ. "ನಾವು ಹೊರಗ ಹಾಕಿದ್ವಿ."

"ಆಮ್ಯಾಲೆ?"

"ಆಮ್ಯಾಲೆ ಮತ್ತ ಹೇಳಲಿಲ್ಲ."