ಪಾರ್ಕಿನ ಬೆಂಚಿನಲ್ಲಿ ಹಣದುಬ್ಬರ

ಸ್ನೇಹಿತರೇ, ಇಂದು ಬೆಳಿಗ್ಗೆ ಬಸವೇಶ್ವರನಗರದ ಪಾರ್ಕಿನಲ್ಲಿ ಸಿಕ್ಕಿಹಾಕಿಕೊಂಡೆ. ಸರ್ಕಾರವನ್ನು ಹೊಗಳುವ ಮೂರ್ತಿಯವರಿಗೂ ಬೈಯುವ ನಂಜಪ್ಪನವರಿಗೂ ಒಂದು ವಾರದಿಂದ ಮಾತಿಲ್ಲ. ಅರ್ಥಶಾಸ್ತ್ರದ ಮೇಷ್ಟ್ರಾದ ನಾನೇ ಪಂಚಾಯಿತಿ ಮಾಡಬೇಕಂತೆ.

"ಹಣದುಬ್ಬರ ಇಳಿದಿದೆ ಅಂತ ಪೇಪರ್‌ನಲ್ಲೇ ಬಂದಿದೆ. ನೀವೇ ಹೇಳಿ ಸಾರ್," ಎಂದರು ಮೂರ್ತಿ.

"ಚೀಲ ಹಿಡ್ಕೊಂಡು ಮಾರ್ಕೆಟ್‌ಗೆ ಹೋಗೋನು ನಾನು. ಎಲ್ಲಿ ಇಳಿದಿದೆ ಸಾರ್?" ಎಂದರು ನಂಜಪ್ಪ.

ಯಾರ ಪರ ಹೇಳಿದರೂ ಇನ್ನೊಬ್ಬರು ನಾಳೆಯಿಂದ ವಾಕಿಂಗ್‌ಗೆ ಬರುವುದಿಲ್ಲ. ಇದ್ದದ್ದನ್ನೇ ಹೇಳಿದೆ. "ಬೆಲೆ ಏರೋ ವೇಗ ಇಳಿದಿದೆ, ಬೆಲೆ ಇಳಿದಿಲ್ಲ."

"ಇಳಿದಿದೆ ಅಂದ್ರಲ್ಲ," ಎಂದರು ಮೂರ್ತಿ.

"ಇಳಿದಿಲ್ಲ ಅಂದ್ರಲ್ಲ," ಎಂದರು ನಂಜಪ್ಪ.

ಗೆದ್ದ ಖುಷಿಯಲ್ಲಿ ಇಬ್ಬರೂ ಒಟ್ಟಿಗೇ ಕಾಫಿಗೆ ಹೊರಟರು. ನಾನು ನಿಟ್ಟುಸಿರು ಬಿಟ್ಟೆ.

ಇಪ್ಪತ್ತು ವರ್ಷದಲ್ಲಿ ನನ್ನ ಪಾಠ ಕೇಳಿದವರೆಲ್ಲ ಪಾಸಾಗಿದ್ದು ಇದೇ ಮೊದಲು.